ಹತ್ತನೆಯ ಗ್ರಹ

ಎಪ್ಪತ್ತೆಂಟರ ಮುಂಗಾರಿನಲ್ಲಿ, ಲಚ್ಯಾಣದ ಹತ್ತಿರದ ನನ್ನ ತವರಿನಲ್ಲಿ ಮೊದಲ ಮಗಳು ಹುಟ್ಟಿದಳು. ಹೆರಿಗೆ ಸುಸೂತ್ರವಾಯಿತು. ಅದು ಶಿವನ ಕೃಪೆ, ಮೊದಲಿಗೇ ಹೇಳಿಬಿಡುತ್ತೇನೆ.

ಸುದ್ದಿ ಮುಟ್ಟಿಸಲು ಸಕ್ಕರೆ ಕಟ್ಟಿಕೊಂಡು ನಮ್ಮ ಆಳುಮನುಷ್ಯ ನನ್ನ ಗಂಡನ ಊರು ಮನಗೂಳಿಗೆ ಹೋದ. ಅಲ್ಲಿ ನಮ್ಮ ಮನೆಯವರು ರೇಡಿಯೋದ ಮುಂದೆ ಕೂತಿದ್ದರು. ಅವರು ಸಾಲಿ ಮಾಸ್ತರರು, ಲೋಕದ ಸುದ್ದಿ ಎಂದರೆ ಅವರಿಗೆ ಹೋಳಿಗೆ ಇದ್ದ ಹಾಗೆ. ಹೊರದೇಶದವರು ಒಂದು ಉಪಗ್ರಹ ಹಾರಿಸಿದ್ದರಂತೆ. ಮೋಡ ಮುಸುಕಿರಲಿ, ಕತ್ತಲಿರಲಿ, ಅದು ಮೇಲಿನಿಂದಲೇ ಭೂಮಿಯ ಚಿತ್ರ ತೆಗೆಯುತ್ತದೆ ಎಂದು ನಮ್ಮ ಅತ್ತೆಗೆ ಬಿಡಿಸಿ ಹೇಳಿದರಂತೆ. ಬಾವಿಯೊಳಗೆ ಕೂಗಿದರೆ ದನಿ ತಿರುಗಿ ಬರುತ್ತದಲ್ಲ, ಹಾಗೆ ಅದು ತನ್ನ ಅಲೆಯನ್ನು ಕಳಿಸಿ, ತಿರುಗಿ ಬಂದ ಅಲೆಯಿಂದಲೇ ನೆಲವನ್ನೂ ನೀರನ್ನೂ ಗುರುತು ಹಿಡಿಯುತ್ತದೆ ಎಂದರಂತೆ.

ಅತ್ತೆ ಇಷ್ಟೆಲ್ಲದರಲ್ಲಿ ಎರಡೇ ಮಾತು ಹಿಡಿದುಕೊಂಡರು. ಒಂದು ಗ್ರಹ. ಇನ್ನೊಂದು, ಅದು ನೋಡುತ್ತದೆ ಎಂಬುದು. ಗ್ರಹ ನೋಡಿತೆಂದರೆ ದೃಷ್ಟಿ. ಶನಿಯ ದೃಷ್ಟಿಯಾದರೂ ರಾಶಿ ನೋಡಿ ಬೀಳುತ್ತದೆ, ಇದಕ್ಕೆ ಮೋಡವೂ ಅಡ್ಡವಿಲ್ಲ, ಕತ್ತಲೂ ಅಡ್ಡವಿಲ್ಲ. ಒಂಬತ್ತಕ್ಕೇ ಸಾಕಾಗಿತ್ತು, ಹತ್ತನೆಯದೂ ಬಂತು ಎಂದು ಅವರು ಹಣೆ ಬಡಿದುಕೊಳ್ಳುತ್ತಿದ್ದಾಗಲೇ ನಮ್ಮ ಆಳು ಒಳಗೆ ಬಂದು, ಹೆಣ್ಣು ಎಂದ. ಅತ್ತೆ ಆ ಸಕ್ಕರೆಯನ್ನು ಬಾಯಿಗೆ ಹಾಕಲಿಲ್ಲ. ಎಮ್ಮೆಯ ಕಲಗಚ್ಚಿನ ಬಾನಿಗೆ ಸುರುವಿದರು.

ಮಠದ ಅಯ್ಯನವರು ಕೂಸಿಗೆ ಲಿಂಗ ಕಟ್ಟಿದರು. ತೊಟ್ಟಿಲ ದಿನ ಅತ್ತೆಯೂ ನಮ್ಮವರೂ ಬಂದರು. ಅತ್ತೆ ಕೂಸಿನ ಮುಖ ನೋಡುವ ಮೊದಲು ತಲೆಯೆತ್ತಿ ನಮ್ಮ ಮಾಳಿಗೆಯ ಸೂರನ್ನು ನೋಡಿದರು. ಆಮೇಲೆ ಕಂಬಳಿ ತಂದು ಕೂಸನ್ನು ತಲೆಯವರೆಗೆ ಮುಚ್ಚಿದರು. ಅದು ಉಸಿರುಗಟ್ಟಿ ಅತ್ತಿತು. ನಾನು ಕಂಬಳಿ ಸರಿಸಿದೆ, ಅವರು ಮತ್ತೆ ಎಳೆದರು. ಹಾಗೆ ಎಳೆಯುತ್ತಲೇ ತೀರ್ಮಾನ ಹೇಳಿದರು. ಸೊಸೆ ಇವತ್ತೇ ಮನಗೂಳಿಗೆ ಬರಬೇಕು, ಕೂಸು ಇಲ್ಲೇ ಇರಬೇಕು. ಅದರ ಬೆನ್ನು ಹತ್ತಿ ಬರುವ ದೃಷ್ಟಿ ಅವರ ಹೊಸ್ತಿಲು ತುಳಿಯಬಾರದು. ಬರುವುದಿಲ್ಲ ಎಂದರೆ ಸೊಸೆಯೂ ಇಲ್ಲೇ ಇರಲಿ, ಸಿಂದಗಿ ಕಡೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾರೆ.

ಮೊಲೆ ಕುಡಿಯುವ ಕೂಸನ್ನು ಬಿಟ್ಟು ನಾನು ಹೇಗೆ ಹೋಗಲಿ? ನಮ್ಮವರ ಮುಖ ನೋಡಿದೆ. ಆ ಉಪಗ್ರಹ ಕಡಲು ನೋಡಲು ಬಿಟ್ಟದ್ದು, ನಮ್ಮ ಕಡೆ ಇರುವುದು ಡೋಣಿ ಹೊಳೆ ಅಷ್ಟೇ ಎಂದು ಅವರು ಸಣ್ಣ ದನಿಯಲ್ಲಿ ಒಂದು ಸಲ ಅಂದರು. ಇನ್ನೊಂದು ಸಲ ಅನ್ನಲಿಲ್ಲ.

ಅಯ್ಯನವರು ಮಾತ್ರ ಬಾಯಿ ತೆರೆದರು. "ಲಿಂಗ ಕಟ್ಟಿದ ಕೂಸಿಗಿ ಯಾವ ಗ್ರಹ ಏನ ಮಾಡತೈತಿ, ಯವ್ವಾ?"

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಕೈ ಮುಗಿದೇ ಉತ್ತರ ಕೊಟ್ಟರು. "ಲಿಂಗ ದೊಡ್ಡದ ಬಿಡ್ರಿ ಅಯ್ಯಾರ. ಆದರ ನಮ್ಮ ಮಾಳಗಿ ಮಣ್ಣಿಂದೈತಿ."

ನನ್ನ ಹಡೆದವ್ವನಿಗೆ ಗ್ರಹದ ಹೆದರಿಕೆ ಇರಲಿಲ್ಲ. ಗಂಡ ಬಿಟ್ಟ ಮಗಳು ಮನೆಯಲ್ಲಿ ಕೂತರೆ ಊರು ಏನು ಅಂದೀತು ಎಂಬ ಹೆದರಿಕೆ ಇತ್ತು. ಅವಳು ನನ್ನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. "ಹೋಗು. ಆಡಿನ ಹಾಲು ಹಾಕಿ ಬೆಳಸ್ತೇನಿ. ನೀನೂ ಹಂಗ ಬೆಳದಾಕಿ."

ಬಾಣಂತನ ಮೂರು ತಿಂಗಳಾದರೂ ಆಗಬೇಕು. ನನ್ನದು ಅವತ್ತೇ ಮುಗಿಯಿತು. ವಿಜಾಪುರದವರೆಗೆ ರೈಲಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಹೊರಗೆ ಮುಖ ಮಾಡಿ ಅಳಲು ಅನುಕೂಲವಾಯಿತು. ಅದೂ ಒಂದು ಕೃಪೆಯೇ.

ಮನಗೂಳಿಯಲ್ಲಿ ಎದೆ ಕಲ್ಲಾಗಿ ಕಟ್ಟಿತು. ಹಿತ್ತಲಿಗೆ ಹೋಗಿ ಹಿಂಡಲು ಕೂತರೆ ಅತ್ತೆ ಬೆನ್ನಿಗೇ ಬಂದರು. ಬಯಲಿಗೆ ಹಾಲು ಚೆಲ್ಲಬಾರದಂತೆ, ಮೇಲಿನದಕ್ಕೆ ತಾಯಿ ಇಲ್ಲಿದ್ದಾಳೆ ಎಂಬ ಗುರುತು ಸಿಗುತ್ತದಂತೆ. ಒಲೆಯ ಬೂದಿಯಲ್ಲಿ ಹಿಂಡು ಎಂದರು. ಹಿಂಡಿದೆ. ಬಿಸಿ ಬೂದಿ ಚುಂಯ್ ಎನ್ನುತ್ತಿತ್ತು. ಆಮೇಲೆ ಜ್ವರ ಬಂತು. ಪಕ್ಕದ ಮನೆಯಾಕೆ ಮಲ್ಲಿಗೆ ಹೂ ತಂದು ಎದೆಗೆ ಕಟ್ಟಿದಳು. ಹಾಲು ಇಂಗಿತು, ಜ್ವರ ಇಳಿಯಿತು. ಆಕೆಗೆ ಒಳ್ಳೆಯದಾಗಲಿ. ಮಲ್ಲಿಗೆಯನ್ನು ಮಾತ್ರ ನಾನು ಮತ್ತೆ ಮುಡಿಯಲಿಲ್ಲ.

ದಿನಾ ಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದೆ, ಆ ಉಪಗ್ರಹ ಹಾಳಾಗಲಿ ಎಂದು. ಯಾರದೋ ದುಡಿಮೆ ಅದು, ಹಾಗೆ ಬೇಡಬಾರದೇನೋ. ಆದರೂ ಬೇಡಿದೆ. ಶಿವ ಕೇಳಿದ. ಬಿಳಿಜೋಳದ ಬಿತ್ತನೆ ನಡೆದಿದ್ದಾಗ ನಮ್ಮವರು ಪೇಪರು ಹಿಡಿದುಕೊಂಡು ಓಡಿ ಬಂದರು. ಅದರೊಳಗಿನ ಕರೆಂಟು ಕೆಟ್ಟು ಉಪಗ್ರಹ ಸುಮ್ಮನಾಗಿತ್ತು. ಇನ್ನು ಅದು ಏನನ್ನೂ ನೋಡುವುದಿಲ್ಲ ಎಂದರು. ನಾನು ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ಗಂಟು ಕಟ್ಟಲು ಎದ್ದೆ.

ಅತ್ತೆ ಜೋಳ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ. "ಸತ್ತತು ಅಂತೀದಿ. ಕೆಳಗ ಬಿದ್ದೈತೇನು?"

"ಇಲ್ಲ ಯವ್ವಾ. ಮ್ಯಾಲ ತಿರಗಾಕತ್ತೈತಿ."

"ಸತ್ತ ಮ್ಯಾಲೂ ತಿರಗೂದಕ್ಕ ಏನಂತಾರ ಮಾಸ್ತರ? ದೆವ್ವ ಅಂತಾರ."

ಮಾಸ್ತರರು ಪೇಪರು ಮಡಚಿಟ್ಟರು. ಹೆಂಚಿನ ಮೇಲಿನ ರೊಟ್ಟಿ ಸೀದಿತ್ತು. ಅತ್ತೆ ಅದನ್ನು ನನ್ನ ತಾಟಿಗೇ ಹಾಕಿದರು.

ಮರುವರ್ಷ ಮನಗೂಳಿಯಲ್ಲೇ ಇನ್ನೊಮ್ಮೆ ಹೆತ್ತೆ, ಗಂಡು. ಉಪಗ್ರಹ ಆಗಲೂ ಮೇಲೆ ತಿರುಗುತ್ತಲೇ ಇತ್ತು. ಮಾಳಿಗೆ ಅದೇ ಮಣ್ಣಿನದು. ಅತ್ತೆ ಕೂಸನ್ನು ಅಂಗಳಕ್ಕೆ ತಂದು, ಮುಚ್ಚದೆ, ಎಳೆಬಿಸಿಲಿಗೆ ಹಿಡಿದು ಓಣಿಗೆಲ್ಲ ತೋರಿಸಿದರು. ಸಕ್ಕರೆ ಹಂಚಿದರು. ಗ್ರಹದ ಮಾತನ್ನು ಯಾರೂ ಎತ್ತಲಿಲ್ಲ, ನಾನು ಎತ್ತಿದೆ. ಹಾಗಾದರೆ ನನ್ನ ಮಗಳೂ ಬರಲಿ ಎಂದೆ. ಅತ್ತೆ ಒಪ್ಪಿದರು. "ಬರಲಿ. ನಾಳೆ ತೊಟ್ಟಿಲ ತೂಗಾಕ ಒಂದ ಕೈ ಆಕ್ಕೈತಿ."

ಅವ್ವ ಅವಳನ್ನು ಕಂಕುಳಲ್ಲಿ ಹೊತ್ತು ಬಂದಳು. ಮಗಳು ಗಟ್ಟಿಮುಟ್ಟಾಗಿದ್ದಳು, ಕೊರಳಲ್ಲಿ ಲಿಂಗವಿತ್ತು, ನಡೆಯುತ್ತಿದ್ದಳು. ಶಿವ ಇಷ್ಟೆಲ್ಲ ಉಳಿಸಿಕೊಟ್ಟಿದ್ದ. ಅವ್ವ ಅವಳನ್ನು ಕೆಳಗಿಳಿಸಿ, ನನ್ನ ಕಡೆ ಬೆರಳು ಮಾಡಿ, ಅವ್ವ ನೋಡು ಎಂದಳು. ಮಗಳು ನನ್ನನ್ನು ನೋಡಿದಳು. ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ ಕೂಸನ್ನು ನೋಡಿದಳು. ಆಮೇಲೆ ನನ್ನ ಅವ್ವನ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, "ನೀ ಅವ್ವ" ಎಂದಳು.

ಸಂಜೆಯ ಬಸ್ಸಿಗೆ ಅವ್ವ ಹೋಗಬೇಕಾಗಿತ್ತು. ಅತ್ತೆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಸೀರೆಯಿಂದ ಬಿಡಿಸಿದರು.