ಉಜ್ಜಿ ತೊಳೆದ ಲೋಬಿ ಮಡಕೆ

ನಂಬಿ ಇಟ್ಟುಹೋದ ಪರರ ದೇವರ ಮಡಕೆಯನ್ನು, ನನ್ನದೇ ಮನೆಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ದಂಪತಿಗಳು ಉಜ್ಜಿ ತೊಳೆದರು. ಎಪ್ಪತ್ತರ ದಶಕದ ಮಾತು; ಅವರು ಮರೆತಿರಬಹುದು. ಮರೆಯುವ ಸೌಕರ್ಯ ಯಾವಾಗಲೂ ತೊಳೆದವರಿಗೇ ಇರುತ್ತದೆ.

ಮಡಕೆ ನನ್ನ ಸಹಪಾಠಿಯದು. ಅವನು ಪಶ್ಚಿಮ ಆಫ್ರಿಕಾದ ಲೋಬಿ ಜನಾಂಗದವನು. ಓದಲು ಶಿಕಾಗೋಗೆ ಹೊರಟಾಗ ಅವನ ತಾಯಿ ಮನೆಯ ಗುಡಿಯಿಂದ ಎರಡು ವಸ್ತು ಕೊಟ್ಟಿದ್ದರಂತೆ: ಮೈತುಂಬ ಮೊಳೆಯಂಥ ಉಬ್ಬುಗಳಿದ್ದ ಮಣ್ಣಿನ ಮಡಕೆ, ತೋಳು ಚಾಚಿ ನಿಂತ ಗೇಣುದ್ದದ ಮರದ ಮನುಷ್ಯ. ಅಜ್ಜಿಯ ಕಾಲದಿಂದ ಎರೆದ ಜೋಳದ ಹೆಂಡ, ಕೋಳಿಯ ರಕ್ತ, ಅದಕ್ಕಂಟಿದ ಪುಕ್ಕ ಎಲ್ಲವೂ ಮಡಕೆಯ ಮೇಲೆ ಕರಿಯ ಹಕ್ಕಳೆಯಾಗಿ ಕೂತಿದ್ದವು. “ಮಡಕೆಯನ್ನು ಯಾರಾದರೂ ಮಾಡಬಹುದು. ದೇವರು ನಮ್ಮನ್ನು ಗುರುತು ಹಿಡಿಯುವುದು ಈ ಹಕ್ಕಳೆಯಿಂದ,” ಎಂದಿದ್ದ. ಡೆಟ್ರಾಯಿಟ್ ಕಡೆ ಕೆಲಸ ಸಿಕ್ಕಿ, ನಾಲ್ವರು ಹಂಚಿಕೊಂಡ ಕೋಣೆಗೆ ಹೋಗುವಾಗ ಎರಡನ್ನೂ ಶಿಕಾಗೋ ಹೊರವಲಯದ ಲೊಂಬಾರ್ಡಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಬಿಟ್ಟ. ಊರಿಗೆ ಮರಳುವಾಗ ಒಯ್ದು ತಾಯಿಯ ಕೈಗೆ ಒಪ್ಪಿಸಬೇಕಿತ್ತು. ನಾನು ಅವನ್ನು ನಮ್ಮ ದೇವರ ಪಕ್ಕದಲ್ಲೇ ಇಟ್ಟೆ.

ಆ ವರ್ಷದ ಗಣೇಶನ ಹಬ್ಬ ನನ್ನ ಮನೆಯಲ್ಲಿ. ನಾನು ಹೂವು ತರುವಷ್ಟರಲ್ಲಿ ದಂಪತಿಗಳು ಸಹಾಯ ಮಾಡಲೆಂದು ಬಂದಿದ್ದರು. ಬಾಗಿಲು ತೆರೆದ ನನ್ನ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಸಿಂಕಿನಲ್ಲಿ ಕರಿಯ ನೀರು, ಸ್ಟೀಲಿನ ನಾರು.

“ನೋಡಿ ಸಾರ್, ಹೇಗ್ ಕ್ಲೀನ್ ಮಾಡಿದೀನಿ. ದೇವರ ಪಕ್ಕದಲ್ಲಿ ಕೋಳಿ ಪುಕ್ಕ ಇಟ್ಕೊಂಡಿದೀರಲ್ರೀ,” ಎಂದರು ಆಕೆ.

“ಅದು ಇನ್ನೊಬ್ಬರು ಪೂಜೆ ಮಾಡೋ ಮಡಕೆ.”

“ಅದಕ್ಕೇ ಹುಣಸೆಹಣ್ಣು ಹಾಕಿ ಉಜ್ಜಿದ್ದು. ಬರೀ ಸೋಪಲ್ಲಿ ಮಡಿ ಆಗುತ್ತಾ?”

ಕಾರ್ಯದರ್ಶಿಗಳು ಸಮಾಧಾನ ಹೇಳಿದರು: “ಆ ಬೆತ್ತಲೆ ಬೊಂಬೆನ ಕ್ಲಾಸೆಟ್ಟಲ್ಲಿ ಇಟ್ಟಿದೀನಿ ಸಾರ್, ಶೂ ಜೊತೆ. ಮಕ್ಕಳು ಬರ್ತಾರಲ್ಲ.”

ಕೇಡು ಹೊಸ್ತಿಲು ದಾಟದಂತೆ ತೋಳು ಚಾಚಿ ತಡೆಯುವುದೇ ಆ ಮರದ ಮನುಷ್ಯನ ಉದ್ಯೋಗ. ಅವನನ್ನೇ ಸಾಗಹಾಕಿದ ದಂಪತಿಗಳ ಮುಂದಾಲೋಚನೆ ಮೆಚ್ಚತಕ್ಕದ್ದು.

ನಾನು ಪೂಜೆಗೆ ಕೂತಿದ್ದಾಗ, ಪಾತ್ರೆ ಸಾಲದೆಂದು, ಕೋಸಂಬರಿ ಕಲಸಿದ್ದೂ ಆ ಮಡಕೆಯಲ್ಲೇ. ಪುಕ್ಕ ಕಂಡು ಬೆಚ್ಚಿದವರೇ ಎರಡನೆಯ ಸಲ ಬಡಿಸಿಕೊಂಡರು. ಉಪ್ಪು ಹದವಾಗಿದೆ ಎಂಬ ಪ್ರಶಂಸೆಯೂ ಬಂತು.

ಹಿಮ ಕರಗಿದ ಮೇಲೆ ಸಹಪಾಠಿ ಬಂದ. ಊರಿನ ಟಿಕೆಟ್ ಆಗಿತ್ತು. ನಡೆದದ್ದನ್ನು ಹೇಳಿದೆ. ಅವನು ಮಡಕೆಯ ಮೇಲೆ ಬೆರಳಾಡಿಸಿ, ಒಳಗೆ ಮೂಸಿ ನೋಡಿದ.

“ನಿಮ್ಮವರು ಬಹಳ ಶುಚಿ,” ಎಂದ. “ಇದನ್ನು ಒಯ್ದರೆ ಅಮ್ಮ, ಯಾವ ಸಂತೆಯಲ್ಲಿ ಕೊಂಡೆ ಅಂತ ಕೇಳ್ತಾಳೆ.”

ಮರದ ಮನುಷ್ಯನನ್ನು ಮಾತ್ರ ಅಂಗಿಯಲ್ಲಿ ಸುತ್ತಿಕೊಂಡು ಹೋದ. ಮಡಕೆ ಇಂದಿಗೂ ನನ್ನಲ್ಲೇ ಇದೆ. ಹೊಸ ಇಟ್ಟಿಗೆಯ ಬಣ್ಣ, ಯಾರ ಗುರುತೂ ಇಲ್ಲ.

ಮಾನ್ಯ ದಂಪತಿಗಳೇ, ನಿಮ್ಮೂರಿನ ನಾಗರಕಲ್ಲಿನ ಮೇಲೆ ನಿಮ್ಮ ಅಜ್ಜಿಯಂದಿರು ಹಚ್ಚಿದ ಎಣ್ಣೆ, ಅರಿಶಿನ, ಕುಂಕುಮಗಳ ಜಿಡ್ಡು ಇನ್ನೂ ಹಾಗೇ ಕೂತಿದೆಯಂತೆ. ಸ್ಟೀಲಿನ ನಾರು ಹಿಡಿದು ನಾನೂ ಒಮ್ಮೆ ಅಲ್ಲಿಗೆ ಸಹಾಯಕ್ಕೆ ಬರಲೇ?