ಹೊಕ್ಕುಳಬಳ್ಳಿಯ ಆ ಮಾತು ನನ್ನದು

ಸುಮಂಗಲಮ್ಮ, ನಿಮ್ಮ ಮಗಳು ಪೂರ್ಣಿಮಾಗೆ ರಕ್ತ ಹಾಕಿಸುವುದನ್ನು ತಪ್ಪಿಸಿ, ಒಣಗಿದ ಹೊಕ್ಕುಳಬಳ್ಳಿ ತೇಯ್ದು ಕುಡಿಸಿದವರು ನಿಮ್ಮ ಅತ್ತೆ ಗೌರಮ್ಮನವರು — ನಿಜ. ಹಾಗೆ ಮಾಡಬಹುದೆಂದು ಅವರಿಗೆ ಧೈರ್ಯ ಕೊಟ್ಟವನು ನಾನು. ಶಿಕಾರಿಪುರದಲ್ಲಿ ನಿಮ್ಮ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ. ಇನ್ನು ಆಗುವುದಿಲ್ಲ, ದಣಿದಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆಯಲ್ಲಿ ನೀವು ಎರಡನೇ ಹೆರಿಗೆಗೆಂದು ಸೊರಬದ ತವರಿಗೆ ಹೋಗಿದ್ದಿರಿ. ನಿಮ್ಮ ಯಜಮಾನರು ಭತ್ತದ ವ್ಯಾಪಾರಕ್ಕೆ ಊರೂರು ತಿರುಗುವವರು. ಐದು ವರ್ಷದ ಪೂರ್ಣಿಮಾ ಅಜ್ಜಿಯ ಬಳಿ ಉಳಿದಳು. ಅವಳಿಗೆ ಥಲಸೇಮಿಯಾ — ಮೈ ತನಗೆ ಬೇಕಾದ ರಕ್ತವನ್ನು ಸರಿಯಾಗಿ ಮಾಡಿಕೊಳ್ಳದ, ಹುಟ್ಟಿನಿಂದಲೇ ಬಂದ ಕಾಯಿಲೆ. ನಾಲ್ಕು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಒಯ್ದು ರಕ್ತ ಹಾಕಿಸಬೇಕು. ಶಿವಮೊಗ್ಗ ಬಂತೆಂದರೆ ಸೂಜಿಯ ಭಯಕ್ಕೆ ಮಗು ಬಸ್ಸಿನ ಕಂಬಿ ಬಿಡುತ್ತಿರಲಿಲ್ಲವಂತೆ. ಹೋಗಿಬಂದ ದಿನ ಗೌರಮ್ಮನವರು ಊಟ ಮಾಡುತ್ತಿರಲಿಲ್ಲ — ಅದು ನಿಮಗೆ ಗೊತ್ತಿತ್ತೋ ಇಲ್ಲವೋ.

ಕೂಸಿನ ಹೊಕ್ಕುಳಬಳ್ಳಿ ಉದುರಿದರೆ ಒಣಗಿಸಿ ಇಟ್ಟುಕೊಳ್ಳುವುದು, ಮಗುವಿಗೆ ಹುಷಾರು ತಪ್ಪಿದಾಗ ಹಾಲಿನಲ್ಲಿ ತೇಯ್ದು ನೆಕ್ಕಿಸುವುದು ನಮ್ಮ ಕಡೆಯ ರೂಢಿ. ಒಂದು ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಕರಕೋಶಗಳಿವೆ, ಸ್ಟೆಮ್ ಸೆಲ್ ಎನ್ನುತ್ತಾರೆ, ಅವು ಹೊಸ ರಕ್ತ ಹುಟ್ಟಿಸಬಲ್ಲವು — ಇಷ್ಟು ಓದಿದೆ. ಉಳಿದದ್ದನ್ನು ಓದುವ ಮೊದಲೇ ಗೌರಮ್ಮನವರನ್ನು ಕರೆದು ಹೇಳಿದೆ. ಯಾರೂ ಕೇಳಿರಲಿಲ್ಲ. ಹೊಸದೇನಾದರೂ ಗೊತ್ತಾದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಪೂರ್ಣಿದು ತಾಯತದಾಗೆ ಇಟ್ಟೀನ್ರೀ ಮೇಷ್ಟ್ರೇ. ತೇದು ಕುಡಿಸಿದ್ರೆ ರಕ್ತ ಹುಟ್ತದಾ?"

ಆಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು — ಎನ್ನಲಿಲ್ಲ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ಹಿರೇರು ಸುಮ್ನೆ ಇಟ್ಕೊಳ್ತಿರಲಿಲ್ಲ ಬಿಡ್ರೀ. ಈಗ ವಿಜ್ಞಾನನೂ ಅದನ್ನೇ ಹೇಳ್ತಾ ಐತಿ," ಎಂದೆ.

"ಹಂಗಾರೆ ಈ ಸಲ ಸೂಜಿ ತಪ್ಪಿಸ್ಲಾ?"

"ಒಂದ್ಸಲ ನೋಡ್ರೀ," ಎಂದೆ. ನಗುತ್ತಲೇ ಎಂದೆ.

ಒಂದು ಸಲ ತಪ್ಪಿತು, ಎರಡನೆಯದೂ ತಪ್ಪಿತು. ಮಗು ಬಿಳಿಚಿಕೊಂಡು ಹಗಲೆಲ್ಲ ಮಲಗಿರುವುದನ್ನು ನಾನು ಕಂಡಿದ್ದೆ. ಬೇಸಿಗೆಯ ಸುಸ್ತು ಎಂದುಕೊಂಡೆ — ಅಥವಾ ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಕೊನೆಗೆ ಜ್ವರವೂ ಸೇರಿ ಉಸಿರು ಕಟ್ಟಿತು. ಶಿವಮೊಗ್ಗಕ್ಕೆ ಒಯ್ಯುವ ದಾರಿಯಲ್ಲೇ ಹೋದಳು.

ಆ ಲೇಖನವನ್ನು ಪೂರ್ತಿ ಓದಿದ್ದು ಆಮೇಲೆ. ಎಲ್ಲವೂ ಅದರಲ್ಲೇ ಇತ್ತು. ಬೇಕಾದದ್ದು ಒಣಗಿದ ಬಳ್ಳಿಯಲ್ಲ, ಹೆರಿಗೆಯ ಹೊತ್ತಿಗೇ ತೆಗೆದು ಕಡು ಶೀತದಲ್ಲಿ ಕಾಯ್ದಿಟ್ಟ ರಕ್ತ. ಒಣಗಿದ ಚೂರಿನಲ್ಲಿ ಜೀವಂತ ಕೋಶ ಉಳಿಯುವುದಿಲ್ಲ. ಆ ಕೋಶಗಳು ಸೇರಬೇಕಾದದ್ದು ರಕ್ತನಾಳಕ್ಕೆ, ಹೊಟ್ಟೆಗಲ್ಲ. ಇಂಥ ಕಾಯಿಲೆಯಲ್ಲಿ ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷ ಇರುವುದರಿಂದ ಹೊಂದಿಕೆಯಾಗುವ ಇನ್ನೊಬ್ಬರದು ಬೇಕು, ಹೆಚ್ಚಾಗಿ ಒಡಹುಟ್ಟಿದವರದು. ಅದೂ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ, ಜೀವಕ್ಕೇ ಅಪಾಯವಿರುವ ಚಿಕಿತ್ಸೆಯ ಜೊತೆಗೆ. ಎಲ್ಲರಿಗೂ ಗುಣವಾಗುತ್ತದೆಂದು ಅಲ್ಲಿ ಎಲ್ಲೂ ಬರೆದಿರಲಿಲ್ಲ. ಇನ್ನೊಂದು ಅರ್ಧ ಅಂಕಣ ಓದುವಷ್ಟು ತಾಳ್ಮೆ ನನಗಿದ್ದಿದ್ದರೆ —

ನೀವು ಹಸಿಗೂಸನ್ನು ಎತ್ತಿಕೊಂಡು ಬಂದಿರಿ. ಅಂಗಳದ ತುಂಬ ಜನ. "ನಿಮ್ ಮೂಢನಂಬಿಕೆ ನನ್ ಮಗೂನ ತಿಂದ್ಬಿಡ್ತು ಅತ್ತೇ," ಎಂದಿರಿ. ಗೌರಮ್ಮನವರು ಒಮ್ಮೆ ನನ್ನತ್ತ ನೋಡಿದರು, ಅಷ್ಟೇ. ನಾನೂ ಎಲ್ಲರಂತೆ ತಲೆ ತಗ್ಗಿಸಿ ನಿಂತೆ. ಜೂನ್‌ನಲ್ಲಿ ಶಾಲೆ ತೆರೆದಾಗ, ಮೂಢನಂಬಿಕೆಗೆ ಉದಾಹರಣೆಯಾಗಿ ಇದನ್ನೇ ಪಾಠ ಮಾಡಿದೆ. ಹೆಸರು ಹೇಳಲಿಲ್ಲ, ಆದರೆ ಮಕ್ಕಳಿಗೆಲ್ಲ ತಿಳಿಯಿತು. ನಾಚಿಕೆಗೆಟ್ಟವನು ನಾನು.

ನೀವು ಅತ್ತೆಗೆ ಹೊತ್ತುಹೊತ್ತಿಗೆ ತಟ್ಟೆ ಇಟ್ಟಿರಿ, ಸಾಯುವವರೆಗೂ ಮಾತಾಡಿಸಲಿಲ್ಲ. ಅವರು ಹಾಸಿಗೆ ಹಿಡಿದಾಗ ನೋಡಲು ಹೋದವನು, ನನ್ನ ಹೆಸರು ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಕುಡಿಸಿದ ಕೈ ನಂದೇ ಅಲ್ವೇನ್ರೀ ಮೇಷ್ಟ್ರೇ. ನಿಮ್ಮ ಹೆಸರು ಹೇಳಿದ್ರೆ ಕೂಸು ಬರ್ತದಾ?" ಎಂದರು. ಮನೆಗೆ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು. ಇನ್ನು ಹೇಳುವವರು ಯಾರೂ ಇಲ್ಲ ಎಂಬ ನಿರಾಳ — ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಇದನ್ನು ಓದಿದರೆ, ಅತ್ತೆಯನ್ನು ಮಾತಾಡಿಸದೆ ಕಳಿಸಿಕೊಟ್ಟೆನಲ್ಲ ಎಂಬ ಇನ್ನೊಂದು ಸಂಕಟ ನಿಮಗೆ ಅಂಟುತ್ತದೆ, ಗೊತ್ತು. ಅದನ್ನು ತಪ್ಪಿಸಲೆಂದೇ ಸುಮ್ಮನಿದ್ದೇನೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮಾನಕ್ಕೆ ಹೆದರಿದ್ದೆ. ನಾಳೆ ಬೆಳಿಗ್ಗೆ ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೂ ನಿಂತಿರುತ್ತೇನೆ. ನಿಮ್ಮ ಮಗನನ್ನೂ ಕರೆಯಿರಿ. ಅಜ್ಜಿ ಅಕ್ಕನನ್ನು ಕೊಂದಳೆಂದೇ ಅವನು ಕೇಳಿಕೊಂಡು ಬೆಳೆದಿದ್ದಾನೆ.