ಹಸುವಿನ ಹೆಸರು ಕೇಳಿದ ನರ್ಸಮ್ಮ

ರೋಗಿಯ ಮಾತು ಕೇಳುವಾಗ ನರ್ಸಮ್ಮ ಎಷ್ಟು ಬಗ್ಗುತ್ತಿದ್ದರೆಂದರೆ, ತಲೆಯ ಬಿಳಿ ಟೋಪಿ ಜಾರಿ ಹುಬ್ಬಿನ ಮೇಲೆ ಕೂರುತ್ತಿತ್ತು. ಎಡಗೈಯಲ್ಲಿ ಅದನ್ನು ಹಿಡಿದುಕೊಂಡೇ "ಊಂ, ಆಮೇಲೆ?" ಎನ್ನುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸಣ್ಣ ರೈಲಿನಿಂದ ಚಿಂತಾಮಣಿಗೆ ಬಂದಿಳಿದ ನಾನು, ಪಾದ್ರಿಗಳು ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಗುಮಾಸ್ತ. ಮಂಡ್ಯದ ಕಡೆಯವನು, ಅಲ್ಲಿನವರಾಡುವ ತೆಲುಗು ಬಾರದು. ಬಾರದು ಎಂದು ಒಪ್ಪಿಕೊಳ್ಳುವ ಬುದ್ಧಿಯೂ ಬಾರದು. ಊರಲ್ಲಿ ಒಬ್ಬ ಗುರುತಿನವನಿಲ್ಲ. ಹಾಗಾಗಿ ರೋಗಿಗಳ ಕುಂಟು, ಕೆಮ್ಮು, ಬಿಕ್ಕಳಿಕೆ ಅಣಕಿಸಿ ಮಂದಿಯನ್ನು ಸಂಪಾದಿಸುತ್ತಿದ್ದೆ. ಕಾಂಪೌಂಡರ್ ಬಿದ್ದು ಬಿದ್ದು ನಗುತ್ತಿದ್ದ. ನರ್ಸಮ್ಮ ನಗುತ್ತಿರಲಿಲ್ಲ.

ಒಂದು ದಿನ ಅಜ್ಜಿಯೊಬ್ಬಳು ತೊಡೆ ಹಿಡಿದುಕೊಂಡು ಬಂದಳು. "ಆವು ಪೊಡಿಚಿಂದಿ ನಾಯನಾ!"

ನಮ್ಮೂರಲ್ಲಿ ಹಾವಿಗೆ 'ಆವು' ಅನ್ನುತ್ತಾರೆ. ಮಹಾಪಂಡಿತನಾದ ನಾನು ಕೆಂಪು ಶಾಯಿಯಲ್ಲಿ 'ಹಾವು ಕಡಿತ' ಎಂದು ಬರೆದು, ಹೆಂಚು ಹಾರುವಂತೆ ಕೂಗಿದೆ. ಕಾಂಪೌಂಡರ್ ಓಡಿಬಂದು ಅಜ್ಜಿಯ ತೊಡೆಗೆ ಹಗ್ಗ ಬಿಗಿದ. ಅಜ್ಜಿ ಅವನ ಕೆನ್ನೆಗೆ ಬಿಗಿದಳು.

ನರ್ಸಮ್ಮ ಬಂದವರೇ ಹಗ್ಗ ಬಿಚ್ಚಿ, ಬಗ್ಗಿ, ಕೇಳಿದರು: "ಆವು ಪೇರೇಮಮ್ಮಾ?"

"ಗೌರಿ," ಎಂದು ಅಜ್ಜಿ ಗೊಳೋ ಅತ್ತಳು.

ತೆಲುಗಿನ 'ಆವು' ಹಸು; ನರ್ಸಮ್ಮ ಕೇಳಿದ್ದು ಅದರ ಹೆಸರು. ಕರು ಸತ್ತ ಸಂಕಟದಲ್ಲಿ ಗೌರಿ ಸಾಕಿದವಳನ್ನೇ ತಿವಿದಿತ್ತು. ಗಾಯ ತೊಳೆಯುವಷ್ಟು ಹೊತ್ತೂ ನರ್ಸಮ್ಮ ಗೌರಿಯ ಸಮಾಚಾರವನ್ನೇ ಕೇಳಿದರು.

ಸಂಜೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನನ್ನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಲು ಸಿದ್ಧರಾದರು. ನರ್ಸಮ್ಮ ಅಡ್ಡ ನಿಂತರು.

"ಅಣಕಿಸ್ತಾನೆ ಅಂದ್ರೆ ಒಬ್ಬೊಬ್ರನ್ನೂ ಅಷ್ಟು ನೋಡಿರ್ತಾನಲ್ಲ ಅಯ್ಯನವರೇ. ಆ ಕಣ್ಣು ದೇವ್ರು ಕೊಟ್ಟಿದ್ದು. ಇರ್ಲಿ ಬಿಡಿ."

ಆಮೇಲೆ ನನ್ನ ಕಡೆ ತಿರುಗಿದರು. "ದೇವ್ರ ಹತ್ರ ಅಚ್ಚು ಇಲ್ಲ ಕಣಪ್ಪ. ಪ್ರತಿಯೊಬ್ರನ್ನೂ ಕೈಯಲ್ಲೇ ಮಾಡಿರೋದು. ನೀನು ಎಲ್ರ ಥರಾನೂ ನಡೀತೀಯ. ನಿನ್ ನಡಿಗೆ ಎಲ್ಲಪ್ಪ?"



ಅಂದಿನಿಂದ ಭಾನುವಾರ ಅವರ ಪ್ರಾರ್ಥನೆ ಮುಗಿದ ಮೇಲೆ ಅವರ ಒಂಟಿ ಕೋಣೆಯಲ್ಲಿ ನನಗೆ ಊಟ. ಮುದ್ದೆ ಮುರಿಯುತ್ತಾ ನಾನು ಮಾತಾಡುತ್ತಿದ್ದೆ. ಅವರು ಬಗ್ಗಿ ಕೇಳುತ್ತಿದ್ದರು. ಅವ್ವನ ನಶ್ಯ, ಅಣ್ಣನ ಸಿಟ್ಟು, ಬಾಡಿಗೆ ರೂಮಿನಲ್ಲಿ ನಾನು ಗೋಡೆಯ ಹಲ್ಲಿಯೊಂದಿಗೆ ಹರಟುವುದು, ಎಲ್ಲಾ ಅವರಿಗೆ ಗೊತ್ತು. ಹೀಗೇ ಮೂರು ವರ್ಷ.

ಹೋದ ವರ್ಷ ನರ್ಸಮ್ಮ ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ಸಮಾಧಿಯ ಹತ್ತಿರ ನಾವು ಆರೇ ಜನ. ಹೊಸದಾಗಿ ಬಂದಿದ್ದ ಅಯ್ಯನವರು ಪುಸ್ತಕ ತೆರೆದು, "ಇವರ ತಂದೆತಾಯಿ ಹೆಸರೇನು? ಯಾವ ಊರಿನೋರು?" ಎಂದರು.

ಎಲ್ಲರೂ ನನ್ನ ಮುಖ ನೋಡಿದರು. ಅವರ ಮನೆಯಲ್ಲಿ ಉಂಡವನು ನಾನೇ ತಾನೆ? ಮೂರು ವರ್ಷದಲ್ಲಿ ಒಂದು ಭಾನುವಾರವೂ ನಾನು ಅದನ್ನು ಕೇಳಿರಲಿಲ್ಲ.

ಅಯ್ಯನವರು "ನಮ್ಮ ಈ ಸಹೋದರಿ" ಎಂದಷ್ಟೇ ಹೇಳಿ ಪ್ರಾರ್ಥನೆ ಮುಂದುವರಿಸಿದರು.